ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಭತ್ತದ ಇಳುವರಿ ಉಳಿಸಿಕೊಳ್ಳಬಹುದೇ?

ಎಡದಂಡೆ ಕೊನೆಭಾಗ
ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಮಾನ್ವಿ ತಾಲ್ಲೂಕಿನಲ್ಲಿದೆ. ಎರೆಭೂಮಿ, ಅಂದರೆ ಜಿಗುಟಾದ ಕಪ್ಪು ಮಣ್ಣು. ಮುಂಗಾರಿನಲ್ಲಿ ನಾಲ್ಕು ಎಕರೆಗೆ ಬಿಪಿಟಿ 5204, ಅಂದರೆ ಎಲ್ಲರೂ ಸೋನಾ ಮಸೂರಿ ಎನ್ನುವ ತಳಿಯನ್ನೇ ನಾಟಿ ಮಾಡುತ್ತೇವೆ. ನೀರು ಸರಿಯಾಗಿ ಬಂದ ವರ್ಷ ಎಕರೆಗೆ 75 ಕಿಲೋ ತೂಕದ 35 ಚೀಲಕ್ಕೆ ಕಡಿಮೆ ಇಲ್ಲ. ಆದರೆ ಸರಿಯಾಗಿ ಬರುವುದೇ ಅಪರೂಪವಾಗಿದೆ. ಮೇಲ್ಭಾಗದ ಗದ್ದೆಗಳೆಲ್ಲ ತುಂಬಿ ನಮ್ಮ ತೂಬಿಗೆ ನೀರು ಮುಟ್ಟುವಷ್ಟರಲ್ಲಿ ಆಗಸ್ಟ್ ಅರ್ಧ ಕಳೆದಿರುತ್ತದೆ. ಕಾಳು ಗಟ್ಟಿಯಾಗುವ ಹೊತ್ತಿಗೆ ಕಾಲುವೆಯಲ್ಲಿ ಸರದಿಯ ಮೇಲೆ ನೀರು ಬಿಡುವುದು ಶುರುವಾಗಿರುತ್ತದೆ.

ಇತ್ತೀಚೆಗೆ ಒಂದು ತರಬೇತಿಯಲ್ಲಿ ಗದ್ದೆಗೆ ತೂತಿನ ಕೊಳವೆ ಹೂತು, ಅದರೊಳಗಿನ ನೀರಿನ ಮಟ್ಟ ನೋಡಿ ನೀರು ಕಟ್ಟುವ ಪದ್ಧತಿಯನ್ನು ತೋರಿಸಿದರು. ಒಮ್ಮೆ ನೀರು, ಒಮ್ಮೆ ಒಣಗು. ಹೀಗೆ ಮಾಡಿದರೆ ಕಾಲು ಭಾಗದಷ್ಟು ನೀರು ಉಳಿಯುತ್ತದೆ, ಇಳುವರಿ ಇಳಿಯುವುದಿಲ್ಲ, ಕೆಲವು ಕಡೆ ಏರಿದ್ದೂ ಉಂಟು ಎಂದರು. ಕರಪತ್ರದಲ್ಲಿ ಏನಿದೆಯೆಂಬುದನ್ನು ಓದಿದ್ದೇನೆ. ನನಗೆ ಬೇಕಾಗಿರುವುದು ಎರೆಮಣ್ಣಿನಲ್ಲಿ ಸ್ವತಃ ಮಾಡಿ ನೋಡಿದವರ ಮಾತು. ಶ್ರೀ ಪದ್ಧತಿ (ಎಳೆಯ ಸಸಿಯನ್ನು ಒಂದೊಂದಾಗಿ ದೂರ ದೂರ ನೆಡುವುದು), ಕೂರಿಗೆ ಬಿತ್ತನೆ, ಹನಿ ನೀರಾವರಿ, ಯಾವುದರ ಬಗ್ಗೆ ಬೇಕಾದರೂ ಹೇಳಿ. ಜೊತೆಗೆ ಖರ್ಚು ಮತ್ತು ಆಳಿನ ಲೆಕ್ಕವನ್ನೂ ಹೇಳಿದರೆ ಉಪಕಾರವಾಗುತ್ತದೆ.

ಕಾರಟಗಿ ಗದ್ದೆ
ನಾವು ಮಾಡುತ್ತಿದ್ದೇವೆ, ನಡೆಯುತ್ತದೆ. ಕೊಳವೆಗಾಗಿ ಅಂಗಡಿಗೆ ಹೋಗಬೇಕಾಗಿಲ್ಲ, ಬೋರ್‌ವೆಲ್ ಕೇಸಿಂಗಿನ ಮುರುಕು ತುಂಡು ಸಾಕು. ಒಂದು ಅಡಿ ಉದ್ದಕ್ಕೆ ಕೊಯ್ದು, ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಆ ಅರ್ಧವನ್ನು ಮಣ್ಣಿನಲ್ಲಿ ಹೂತು, ಒಳಗೆ ಸೇರಿದ ಮಣ್ಣನ್ನು ಕೈಯಿಂದ ತೆಗೆದುಹಾಕಬೇಕು. ನಾಟಿಯಾದ ಮೇಲೆ ಎರಡು ವಾರ ಎಂದಿನಂತೆ ನೀರು ನಿಲ್ಲಿಸಿ, ಕಳೆ ಹತೋಟಿಗೆ ಬಂದ ನಂತರ ಒಣಗಲು ಬಿಡಬೇಕು. ಕೊಳವೆಯೊಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಕಟ್ಟಬೇಕು. ಹೂವಾಡುವ ವಾರದ ಹಿಂದೆ ಮುಂದೆ ಮಾತ್ರ ಈ ಆಟ ಬೇಡ. ಆಗ ಎರಡು ಇಂಚು ನೀರು ನಿಂತಿರಲೇಬೇಕು.

ನಮ್ಮ ತಂದೆಯವರು ಮೊದಲ ಸಲ ಬದುವಿನ ಮೇಲೆ ನಿಂತು, ಪೈರು ಸುಟ್ಟುಹೋಯಿತು ಎಂದು ಊರಿಗೆಲ್ಲ ಕೇಳುವಂತೆ ಬೈದಿದ್ದರು. ಮಣ್ಣಿನ ಮೇಲೆ ಕಾಲಿಟ್ಟರೆ ಹೆಜ್ಜೆ ಮೂಡದಷ್ಟು ಗಟ್ಟಿಯಾಗಿತ್ತು, ನಿಜ. ಕೊಳವೆಯೊಳಗೆ ಕಡ್ಡಿ ಇಳಿಸಿ ತೋರಿಸಿದಾಗ ನಾಲ್ಕು ಬೆರಳು ಕೆಳಗೇ ನೀರಿತ್ತು. ಇಳುವರಿಯಲ್ಲಿ ಒಂದು ಚೀಲದ ವ್ಯತ್ಯಾಸವೂ ಬರಲಿಲ್ಲ. ಆ ವರ್ಷ ಅಕ್ಕಪಕ್ಕದ ಗದ್ದೆಗಳಲ್ಲಿ ಕಂದು ಜಿಗಿ ಹುಳುವಿನಿಂದ ಪೈರು ಸುತ್ತುಸುತ್ತಾಗಿ ಸುಟ್ಟಂತಾಗಿದ್ದರೆ ನಮ್ಮಲ್ಲಿ ಒಂದೇ ಸಿಂಪಡಣೆಗೆ ಮುಗಿಯಿತು.

ಮಣ್ಣು ಮತ್ತು ಬೇರು
ಕಾರಟಗಿಯವರ ವಿವರ ಸರಿಯಾಗಿದೆ, ಆದರೆ 15 ಸೆಂಟಿಮೀಟರ್ ಎಂಬ ಅಳತೆಯನ್ನು ಎಲ್ಲ ಮಣ್ಣಿಗೂ ಒಂದೇ ಎಂದು ಹಿಡಿಯಬಾರದು. ನಾನು ಕೃಷಿ ಪದವೀಧರ, ಕೊಪ್ಪಳ ಜಿಲ್ಲೆಯಲ್ಲಿ ಕೆಲಸ. ಎರೆಮಣ್ಣು ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಒಮ್ಮೆ ಬಿರುಕು ಆಳಕ್ಕೆ ಇಳಿಯಿತೆಂದರೆ ಮುಂದಿನ ಸಲ ಕಟ್ಟಿದ ನೀರು ಬೇರಿನ ಪದರವನ್ನು ತೋಯಿಸದೆ ಬಿರುಕಿನೊಳಗೆ ನೇರವಾಗಿ ಇಳಿದುಹೋಗುತ್ತದೆ. ಉಳಿಸಿದ್ದಕ್ಕಿಂತ ಹೆಚ್ಚು ನೀರನ್ನು ಬಿರುಕೇ ಕುಡಿಯುತ್ತದೆ. ಆದ್ದರಿಂದ ಎರೆಭೂಮಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತಿದ್ದಂತೆಯೇ, ಕೊಳವೆಯಲ್ಲಿ ಮಟ್ಟ ಐದು ಸೆಂಟಿಮೀಟರಿನಷ್ಟೇ ಇಳಿದಿದ್ದರೂ, ನೀರು ಕಟ್ಟುವುದು ಕ್ಷೇಮ.

ಎರಡನೆಯದಾಗಿ ಯೂರಿಯಾ. ಗದ್ದೆ ಒಮ್ಮೆ ಒಣಗಿ ಒಮ್ಮೆ ತೋಯ್ದಾಗ ಸಾರಜನಕ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ತಿರುಗಿ ಗಾಳಿಗೆ ಹಾರಿಹೋಗುವ ಪ್ರಮಾಣ ಹೆಚ್ಚು. ನಿಂತ ನೀರಿನ ಮೇಲೆ ಎರಚುವ ರೂಢಿಯನ್ನು ಬಿಟ್ಟು, ಒಣಗಿದ ಮಣ್ಣಿನ ಮೇಲೆ ಹಾಕಿ ಕೂಡಲೇ ನೀರು ಕಟ್ಟಿದರೆ ಗೊಬ್ಬರ ಬೇರಿನತ್ತ ಇಳಿಯುತ್ತದೆ. ಎಲೆಯ ಹಸಿರನ್ನು ಹೋಲಿಸಿ ನೋಡುವ ಬಣ್ಣದ ಪಟ್ಟಿ ಹಿಡಿದು, ಬೇಕಾದಾಗಷ್ಟೇ ಹಾಕಿದರೆ ಒಂದು ಕಂತು ಉಳಿಯುವುದೂ ಇದೆ.

ಮೂರನೆಯದು, ಬಿಪಿಟಿ 5204ಕ್ಕೆ ಬೆಂಕಿರೋಗದ ಕಾಟ ಮೊದಲೇ ಇದೆ, ಪೈರು ನೀರಿಗೆ ಬಾಯಿಬಿಟ್ಟರೆ ಅದು ಇನ್ನೂ ಏರುತ್ತದೆ. ಕಂದು ಜಿಗಿ ಹುಳು ಕಡಿಮೆಯಾಯಿತೆಂದು ಸಂತೋಷಪಡುವವರು ಎಲೆಯ ಮೇಲಿನ ಕಣ್ಣಿನಾಕಾರದ ಚುಕ್ಕೆಗಳನ್ನೂ ನೋಡುತ್ತಿರಬೇಕು.

ಲೆಕ್ಕದ ಮೇಷ್ಟ್ರು
ಚರ್ಚೆಗೆ ಒಂದಿಷ್ಟು ಅಂಕಿ ಇರಲಿ. ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸುಮಾರು 4,047 ಲೀಟರ್. ನಾಟಿ ಭತ್ತಕ್ಕೆ ಕೆಸರು ಮಾಡುವುದರಿಂದ ಹಿಡಿದು ಕೊಯ್ಲಿನವರೆಗೆ 1,200 ಮಿಲಿಮೀಟರ್ ಎಂದು ಹಿಡಿದರೆ ಎಕರೆಗೆ 48 ಲಕ್ಷ ಲೀಟರ್ ದಾಟುತ್ತದೆ. 35 ಚೀಲವೆಂದರೆ 2,625 ಕಿಲೋ. ಅಂದರೆ ಒಂದು ಕಿಲೋ ಭತ್ತಕ್ಕೆ 1,850 ಲೀಟರ್, ಗಿರಣಿಯಿಂದ ಬಂದ ಅಕ್ಕಿಯ ಲೆಕ್ಕದಲ್ಲಿ 2,800ಕ್ಕೂ ಹೆಚ್ಚು. ಇದರಲ್ಲಿ ಪೈರು ಮತ್ತು ನೆಲದಿಂದ ಆವಿಯಾಗಿ ಹೋಗುವುದು ಸುಮಾರು ಅರ್ಧ. ಉಳಿದದ್ದು ಕೆಸರು ಮಾಡಲು, ಇಂಗಲು, ಬದು ಸೋರಲು ಮತ್ತು ಕೆಳಗಿನ ಹಳ್ಳಕ್ಕೆ ಹರಿಯಲು.

ಕಾಲು ಭಾಗ ಉಳಿಸಿದರೆ ಎಕರೆಗೆ 12 ಲಕ್ಷ ಲೀಟರ್. ನನ್ನ ಪ್ರಶ್ನೆ: ಆ 12 ಲಕ್ಷ ಲೀಟರ್ ಎಲ್ಲಿ ಉಳಿಯುತ್ತದೆ? ಕಾಲುವೆಯಲ್ಲೇ, ಜಲಾಶಯದಲ್ಲೇ, ಪಕ್ಕದವರ ಗದ್ದೆಯಲ್ಲೇ?

ಕೂರಿಗೆ ಸಿಂಧನೂರು
ನಾಟಿಯನ್ನೇ ಬಿಟ್ಟುಬಿಡಿ. ನಮ್ಮ ಕಡೆ ಕಾಲುವೆ ನೀರು ತಡವಾದ ವರ್ಷಗಳಲ್ಲಿ ಬೇರೆ ದಾರಿ ಕಾಣದೆ ಶುರುವಾದದ್ದು ಈಗ ಎಷ್ಟೋ ಊರುಗಳಲ್ಲಿ ರೂಢಿಯೇ ಆಗಿದೆ. ಜೂನ್ ತಿಂಗಳ ಮಳೆಗೆ ಹೊಲವನ್ನು ಹದ ಮಾಡಿ, ಒಣಭೂಮಿಯಲ್ಲಿ ಟ್ರ್ಯಾಕ್ಟರ್ ಕೂರಿಗೆಯಿಂದ ಭತ್ತವನ್ನು ಜೋಳ ಬಿತ್ತಿದಂತೆ ಬಿತ್ತುತ್ತೇವೆ. ಎಕರೆಗೆ ಹತ್ತು ಹನ್ನೆರಡು ಕಿಲೋ ಬೀಜ ಸಾಕು, ಸಸಿಮಡಿ ಬೇಡ, ಕೆಸರು ಬೇಡ, ನಾಟಿಯ ಗುತ್ತಿಗೆ ಬೇಡ. ಕಾಲುವೆಗೆ ನೀರು ಬರುವ ಹೊತ್ತಿಗೆ ಪೈರು ಗೇಣುದ್ದ ಎದ್ದಿರುತ್ತದೆ. ನಾಟಿಯವರು ಕೆಸರು ತುಳಿಯಲು ಸುರಿಯುವ ಎಂಟು ಇಂಚು ನೀರು ನಮಗೆ ಬೇಕಾಗಿಯೇ ಇಲ್ಲ.

ಹೊಲ ಸಮವಾಗಿರಬೇಕು, ಅದೊಂದೇ ಷರತ್ತು. ಲೇಸರ್ ಲೆವೆಲರ್ ಹೊಡೆಸಿದ ಹೊಲಕ್ಕೂ ಹೊಡೆಸದ ಹೊಲಕ್ಕೂ ಅಜಗಜಾಂತರ.

ನಾಟಿ ಅಕ್ಕ
ಸಿಂಧನೂರಿನ ಅಣ್ಣನವರು ಕಳೆಯ ವಿಷಯವನ್ನು ಹೇಳದೆ ಮುಗಿಸಿದರಲ್ಲ! ನಿಂತ ನೀರು ಪೈರಿಗೆ ಕುಡಿಯಲು ಮಾತ್ರ ಅಲ್ಲ, ಕಳೆಯನ್ನು ಮುಳುಗಿಸಿ ಸಾಯಿಸಲೂ ಇದೆ. ಒಣಬಿತ್ತನೆಯ ಹೊಲದಲ್ಲಿ ಭತ್ತ ಮತ್ತು ಕಳೆ ಒಂದೇ ದಿನ ಹುಟ್ಟುತ್ತವೆ. ಬಿತ್ತಿದ ಎರಡು ಮೂರು ದಿನದೊಳಗೆ ಪೆಂಡಿಮೆಥಾಲಿನ್ ಎಂಬ ಕಳೆನಾಶಕ, ಮೂರು ವಾರಕ್ಕೆ ಬಿಸ್‌ಪೈರಿಬ್ಯಾಕ್ ಎಂಬ ಇನ್ನೊಂದು, ಅದಕ್ಕೂ ಬಗ್ಗದ ಹುಲ್ಲಿಗೆ ನಮ್ಮಂಥ ಹೆಣ್ಣಾಳು. ಕಾಡುಭತ್ತ ಸೇರಿಕೊಂಡರೆ ಅದನ್ನು ಗುರುತಿಸುವುದೇ ಕಷ್ಟ, ತೆನೆ ಬರುವವರೆಗೂ ಭತ್ತದ ಹಾಗೆಯೇ ಇರುತ್ತದೆ. ನೀರು ಉಳಿಯಿತು ಎನ್ನುವವರು ಕಳೆನಾಶಕದ ಬಾಟಲಿಯನ್ನೂ ಕಳೆ ಕೀಳುವವರ ಬೆನ್ನನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಂದು ಮಾತು: ನಾಟಿಯ ಗುತ್ತಿಗೆ ಬೇಡವಾದಾಗ ಆ ಗುತ್ತಿಗೆಯಿಂದ ಮಳೆಗಾಲ ದೂಡುತ್ತಿದ್ದ ಹೆಂಗಸರ ತಂಡಗಳಿಗೆ ಏನು ಕೆಲಸ ಉಳಿಯಿತೆಂದು ಯಾರೂ ಕೇಳುವುದಿಲ್ಲ.

ಕೂರಿಗೆ ಸಿಂಧನೂರು
ಅಕ್ಕನವರ ಮಾತನ್ನು ಒಪ್ಪುತ್ತೇನೆ, ಕಳೆಯೇ ಇದರ ಮುಖ್ಯ ತೊಡಕು. ನಾವು ಬಿತ್ತುವ ಮುನ್ನ ಒಂದು ಮಳೆಗೆ ಕಳೆಯನ್ನು ಹುಟ್ಟಲು ಬಿಟ್ಟು, ಕುಂಟೆ ಹೊಡೆದು, ಆಮೇಲೆ ಬಿತ್ತುತ್ತೇವೆ. ಅರ್ಧ ಕಳೆ ಅಲ್ಲಿಯೇ ಹೋಗುತ್ತದೆ. ಆದರೆ ಒಂದೇ ಹೊಲಕ್ಕೆ ವರ್ಷ ವರ್ಷವೂ ಒಣಬಿತ್ತನೆ ಮಾಡಿದರೆ ಕಳೆ ಪಳಗಿಬಿಡುತ್ತದೆ. ಮಧ್ಯೆ ಒಂದು ವರ್ಷ ನಾಟಿಗೋ ಜೋಳಕ್ಕೋ ತಿರುಗಿಸುವುದು ಒಳ್ಳೆಯದು. ಎಲೆ ಹಳದಿಯಾದರೆ ಕಬ್ಬಿಣದ ಕೊರತೆ. ನೀರು ನಿಂತ ಗದ್ದೆಯಲ್ಲಿ ಕಬ್ಬಿಣ ತಾನಾಗಿಯೇ ಸಿಗುತ್ತಿತ್ತು, ಒಣಮಣ್ಣಿನಲ್ಲಿ ಸಿಗುವುದಿಲ್ಲ. ಲೀಟರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಸಿಂಪಡಿಸಿದರೆ ಹಸಿರಾಗುತ್ತದೆ.

ಬೆಂಗಳೂರು ಓದುಗ
ಕ್ಷಮಿಸಿ, ನಾನು ರೈತನಲ್ಲ. ಹೊರಗಿನವನ ಪ್ರಶ್ನೆ ಎಂದು ತಿಳಿಯಿರಿ. ನೀರಿನ ಕೊರತೆ ಇಷ್ಟಿರುವ ಕಡೆ ಭತ್ತವನ್ನೇ ಏಕೆ ಬೆಳೆಯಬೇಕು? ರಾಗಿ, ಜೋಳ ಬೆಳೆದರೆ ಪ್ರಶ್ನೆಯೇ ಮುಗಿಯಿತಲ್ಲ.

ಎಡದಂಡೆ ಕೊನೆಭಾಗ
ತಪ್ಪೇನಿಲ್ಲ ಸರ್, ನಮ್ಮ ಅಜ್ಜನ ಕಾಲದಲ್ಲಿ ಈ ಯೋಜನೆ ಬಂದಾಗ ಸರ್ಕಾರವೂ ಹಾಗೆಯೇ ಹೇಳಿತ್ತು. ಈ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆಂದೇ ಗುರುತಿಸಿದ್ದರು. ಮೇಲ್ಭಾಗದವರು ಭತ್ತ ಹಚ್ಚಿದರು; ಅವರ ಗದ್ದೆಯ ಬಸಿನೀರು ಪಕ್ಕದ ಹೊಲಕ್ಕೆ ಇಳಿದಾಗ ಅಲ್ಲಿ ಹತ್ತಿ ನಿಲ್ಲಲಿಲ್ಲ, ಅವರೂ ಭತ್ತಕ್ಕೆ ಹೊರಳಿದರು. ಹೀಗೆ ಹೊಲದಿಂದ ಹೊಲಕ್ಕೆ ಬಂತು. ಸಾವಿರಾರು ಎಕರೆ ಉಪ್ಪುಗಟ್ಟಿ, ಜೌಗಾಗಿ ಸವಳು ಜವಳಾದದ್ದೂ ಹೀಗೆಯೇ. ಭತ್ತಕ್ಕೆ ಗಿರಣಿ ಇದೆ, ವ್ಯಾಪಾರಿ ಮನೆ ಬಾಗಿಲಿಗೆ ಬರುತ್ತಾನೆ, ಸಾಲ ಸಿಗುತ್ತದೆ. ಜೋಳಕ್ಕೆ ಇವು ಮೂರನ್ನೂ ಕೊಡಿಸಿ, ನಾನು ನಾಳೆಯೇ ಜೋಳ ಬಿತ್ತುತ್ತೇನೆ.

ಹಾವೇರಿ ಗುಳಿ
ರಾಗಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಕಡಿಮೆ ಬೀಜ, ದೂರ ನಾಟಿ ಎಂಬುದು ಶ್ರೀ ಪದ್ಧತಿಯಾಗಿ ಮಡಗಾಸ್ಕರ್‌ನಿಂದ ಬರುವವರೆಗೆ ನಮ್ಮವರು ಕಾಯಲಿಲ್ಲ. ಹಾವೇರಿ ಜಿಲ್ಲೆಯಲ್ಲಿ ಗುಳಿ ರಾಗಿ ಎಂಬ ಹಳೆಯ ಪದ್ಧತಿ ಇದೆ. ಹದವಾದ ಹೊಲದಲ್ಲಿ ಒಂದೂವರೆ ಅಡಿ ಅಂತರಕ್ಕೆ ಉದ್ದುದ್ದ ಗೆರೆ ಎಳೆದು, ಮತ್ತೆ ಅಡ್ಡಡ್ಡ ಎಳೆದು, ಗೆರೆಗಳು ಕೂಡುವ ಕಡೆ ಗುಳಿ ಮಾಡಿ, ಪ್ರತಿ ಗುಳಿಗೆ ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ ಎರಡು ಸಸಿ ಊರುತ್ತಾರೆ. ಸಸಿ ಬೇರೂರಿದ ಮೇಲೆ ಅದರ ಮೇಲೆ ಕೊರಡು ಎಳೆಯುತ್ತಾರೆ. ಪೈರು ಮಲಗಿಬಿಡುತ್ತದೆ, ನೋಡಿದವರಿಗೆ ಬೆಳೆ ಹಾಳಾಯಿತು ಎನಿಸುತ್ತದೆ, ಆದರೆ ಬುಡದಲ್ಲಿ ಪೆಟ್ಟು ಬಿದ್ದ ಜಾಗದಿಂದ ತೆಂಡೆ (ಬುಡದ ಮರಿಕವಲು) ಒಡೆದು ಒಂದೊಂದು ಗುಳಿಯಲ್ಲಿ ನಲವತ್ತು ಐವತ್ತು ತೆನೆ ಏಳುತ್ತವೆ. ಎರಡೂ ದಿಕ್ಕಿಗೆ ಎಡೆಕುಂಟೆ ಆಡುವುದರಿಂದ ಕಳೆಯ ಚಿಂತೆ ಇಲ್ಲ, ಮಣ್ಣು ಸಡಿಲಾಗಿ ಮಳೆನೀರು ಇಂಗುತ್ತದೆ. ಎರಚಿ ಬಿತ್ತಿದ ರಾಗಿಗೂ ಇದಕ್ಕೂ ಇಳುವರಿಯಲ್ಲಿ ಎರಡು ಪಟ್ಟಿನಷ್ಟು ಅಂತರವನ್ನು ನಮ್ಮ ಹೊಲದಲ್ಲೇ ಕಂಡಿದ್ದೇವೆ, ಒಂದು ಹನಿ ಕಾಲುವೆ ನೀರು ಇಲ್ಲದೆ.

ಲೆಕ್ಕದ ಮೇಷ್ಟ್ರು
ಹಾಗಾದರೆ ಊರಿನವರೆಲ್ಲ ಏಕೆ ಮಾಡುತ್ತಿಲ್ಲ?

ಹಾವೇರಿ ಗುಳಿ
ಎತ್ತು ಇಲ್ಲ, ಆಳು ಇಲ್ಲ, ಗೋವಿನಜೋಳಕ್ಕೆ ಬೆಲೆ ಇದೆ. ಬೇರೆ ಕಾರಣ ಬೇಕೇ?

ಮಂಡ್ಯ ನಾಲೆ ಬಯಲು
ಶ್ರೀ ಪದ್ಧತಿಯ ಕಥೆಯೂ ಇದೇ ಆಯಿತು. 1983ರಲ್ಲಿ ಹೆನ್ರಿ ಡಿ ಲೌಲಾನಿ ಎಂಬ ಪಾದ್ರಿಗಳು ಮಡಗಾಸ್ಕರ್‌ನ ರೈತರ ಜೊತೆ ಸೇರಿ ರೂಪಿಸಿದ ಪದ್ಧತಿ ಅದು. ಹತ್ತು ದಿನದ ಆಸುಪಾಸಿನ ಎಳೆಯ ಸಸಿ, ಒಂದೊಂದೇ, ಮುಕ್ಕಾಲಡಿಗೂ ಹೆಚ್ಚು ಅಂತರದ ಚೌಕದಲ್ಲಿ. ಎಕರೆಗೆ ಎರಡು ಕಿಲೋ ಬೀಜ ಸಾಕು. ನಮ್ಮ ಭಾಗದಲ್ಲಿ ಇಲಾಖೆಯವರು ಹಗ್ಗ, ಗೆರೆ ಎಳೆಯುವ ಮಾರ್ಕರ್, ಕೈಯಿಂದ ತಳ್ಳಿ ಕಳೆ ತೆಗೆಯುವ ಕೋನೋವೀಡರ್ ಎಲ್ಲ ಕೊಟ್ಟು ಮಾಡಿಸಿದರು. ತೆಂಡೆ ಬಂದದ್ದು ಸುಳ್ಳಲ್ಲ, ಒಂದೊಂದು ಬುಡ ತಬ್ಬುವಷ್ಟು ದಪ್ಪ. ಆದರೆ ಪ್ರದರ್ಶನ ತಾಕು ಮುಗಿದ ಮೇಲೆ ಮುಂದುವರಿಸಿದವರು ಬೆರಳೆಣಿಕೆ. ಮೂರು ಎಲೆಯ ಸಸಿಯನ್ನು ಬೇರಿಗೆ ಮಣ್ಣು ಕಚ್ಚಿಕೊಂಡಿರುವಾಗಲೇ ಒಯ್ದು ನೆಡಲು ತಾಳ್ಮೆಯಿರುವ ಆಳು ಸಿಗಬೇಕು. ಗುತ್ತಿಗೆಯವರು ಗೊಣಗುತ್ತಾರೆ. ನಮ್ಮ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ಕೋನೋವೀಡರ್ ತಳ್ಳಬಹುದು, ರಾಯಚೂರಿನ ಎರೆಯಲ್ಲಿ ಅದು ಹೂತುಕೊಳ್ಳುತ್ತದೆ ಎಂದು ಅಲ್ಲಿನ ನೆಂಟರು ಹೇಳುತ್ತಾರೆ.

ಮಣ್ಣು ಮತ್ತು ಬೇರು
ಶ್ರೀ ಪದ್ಧತಿಯ ಇಳುವರಿಯ ಬಗ್ಗೆ ವಿಜ್ಞಾನಿಗಳಲ್ಲೇ ದೊಡ್ಡ ಜಗಳ ನಡೆದಿದೆ. ಚೆನ್ನಾಗಿ ನಿರ್ವಹಿಸಿದ ಮಾಮೂಲಿ ನಾಟಿಯ ಎದುರು ಹೋಲಿಸಿದರೆ ಆ ಪವಾಡ ಕಾಣುವುದಿಲ್ಲ ಎಂಬುದು ಒಂದು ಪಕ್ಷ. ರೈತರು ನಿಜವಾಗಿ ಮಾಡುವ ನಾಟಿಗೆ ಹೋಲಿಸಿ ಎಂಬುದು ಇನ್ನೊಂದು ಪಕ್ಷ. ನನ್ನ ಅಭಿಪ್ರಾಯದಲ್ಲಿ ಅದರ ಎಲ್ಲ ನಿಯಮಗಳನ್ನೂ ಒಟ್ಟಿಗೆ ಪಾಲಿಸಬೇಕೆಂಬ ಹಠವೇ ಅದಕ್ಕೆ ಮುಳುವಾಯಿತು. ಅದರಲ್ಲಿನ ನೀರಿನ ಭಾಗವನ್ನು ಮಾತ್ರ ಬಿಡಿಸಿಕೊಂಡರೆ ಕೊಳವೆ ಪದ್ಧತಿಗೆ ಹತ್ತಿರವಾಗುತ್ತದೆ, ಅದಕ್ಕೆ ಹೆಚ್ಚಿನ ಆಳು ಬೇಡ.

ನೀರು ಕಡಿಮೆ ಮಾಡಲು ಇನ್ನೂ ಸುಲಭದ ದಾರಿ ತಳಿಯಲ್ಲಿದೆ. ಬಿಪಿಟಿ ಸುಮಾರು 145ರಿಂದ 150 ದಿನ ತೆಗೆದುಕೊಂಡರೆ ಆರ್‌ಎನ್‌ಆರ್ 15048 ಸುಮಾರು 125 ದಿನಕ್ಕೆ ಬರುತ್ತದೆ. ಮೂರು ವಾರದ ನೀರು ಏನೂ ಮಾಡದೆ ಉಳಿಯಿತು. ಕಾಳು ಸಣ್ಣ, ಮಾರುಕಟ್ಟೆಯಲ್ಲಿ ಬೇಡಿಕೆ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ನೀರು ನಿಲ್ಲಿಸದೆ ಬೆಳೆಯಲೆಂದೇ ಎಂಎಎಸ್ 946-1 ಎಂಬ ಏರೋಬಿಕ್ ಭತ್ತವನ್ನೂ ಕೊಟ್ಟಿದ್ದಾರೆ. ಆದರೆ ಸೋನಾ ಕಾಳಿಗೆ ಒಗ್ಗಿದ ಗಿರಣಿಯವರನ್ನು ಒಪ್ಪಿಸುವುದು ಬೇರೆಯೇ ಕೆಲಸ.

ಬೆಂಗಳೂರು ಓದುಗ
ಪಂಜಾಬಿನಲ್ಲಿ 2009ರಲ್ಲಿ ಕಾನೂನನ್ನೇ ತಂದು, ಜೂನ್ 10ಕ್ಕೆ ಮುನ್ನ ಭತ್ತ ನಾಟಿ ಮಾಡುವಂತಿಲ್ಲ ಎಂದು ಮಾಡಿದರು ಎಂದು ಓದಿದ್ದೆ. ಬಿರುಬೇಸಿಗೆಯ ಆವಿ ತಪ್ಪಿಸಲು. ಅಂಥದ್ದು ಇಲ್ಲಿ ಆಗದೇ?

ಕಾರಟಗಿ ಗದ್ದೆ
ಅಲ್ಲಿ ಎಲ್ಲರ ಹೊಲದಲ್ಲೂ ಕೊಳವೆಬಾವಿ ಇದೆ, ಬೇಕಾದಾಗ ನಾಟಿ ಮಾಡುತ್ತಿದ್ದರು, ಆದ್ದರಿಂದ ತಡೆಯಬೇಕಾಯಿತು. ನಮಗೆ ಕಾಲುವೆಯೇ ಕಾನೂನು. ಜುಲೈಗೆ ಮುನ್ನ ನಾಟಿ ಮಾಡು ಎಂದರೂ ಆಗುವುದಿಲ್ಲ.

ಕೋಲಾರ ಬೋರ್‌ವೆಲ್
ನೀರು ಉಳಿತಾಯದ ಪದ್ಧತಿಗಳ ಬಗ್ಗೆ ಕೋಲಾರದವರ ಮಾತನ್ನೂ ಕೇಳಿ. ಹನಿ ನೀರಾವರಿಯನ್ನು ನಮಗಿಂತ ಚೆನ್ನಾಗಿ ಬಳಸಿದ ಜಿಲ್ಲೆ ರಾಜ್ಯದಲ್ಲಿ ಕಡಿಮೆ. ಟೊಮೆಟೊ ಸಾಲಿಗೆ ಹನಿ ಕೊಳವೆ, ಮೇಲೆ ಮಲ್ಚಿಂಗ್ ಹಾಳೆ, ಅದರೊಳಗೇ ನೀರಿನಲ್ಲಿ ಕರಗುವ ಗೊಬ್ಬರ. ಒಂದು ಎಕರೆಗೆ ಬೇಕಾಗುವ ನೀರು ಕಾಲುವೆಯವರಿಗೆ ನಗು ಬರುವಷ್ಟು ಕಡಿಮೆ. ಇಳುವರಿ ಹಾಯಿನೀರಿನ ಕಾಲಕ್ಕಿಂತ ಎಷ್ಟೋ ಹೆಚ್ಚು. ಆದರೂ ನಮ್ಮ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು, ಜಿಲ್ಲೆಯ ಅಂತರ್ಜಲ ಅತಿಬಳಕೆಯ ಪಟ್ಟಿಯಿಂದ ಹೊರಗೆ ಬರಲಿಲ್ಲ. ಏಕೆಂದರೆ ಒಂದು ಎಕರೆಗೆ ಸಾಲುತ್ತಿದ್ದ ನೀರು ಎರಡು ಎಕರೆಗೆ ಸಾಲುವಂತಾದಾಗ ನಾವು ಎರಡು ಎಕರೆ ಹಚ್ಚಿದೆವು, ಬೇಸಿಗೆ ಬೆಳೆಯನ್ನೂ ಹಚ್ಚಿದೆವು. ಹತ್ತು ಎಚ್‌ಪಿವರೆಗೆ ಕರೆಂಟಿಗೆ ದುಡ್ಡಿಲ್ಲ. ಪಂಪು ನಿಲ್ಲಿಸಬೇಕೆಂದು ಯಾರಿಗೆ ಅನಿಸುತ್ತದೆ? ಲೆಕ್ಕದ ಮೇಷ್ಟ್ರು ಕೇಳಿದ ಪ್ರಶ್ನೆಗೆ ನಮ್ಮ ಜಿಲ್ಲೆಯೇ ಉತ್ತರ: ಉಳಿದ ನೀರು ಎಲ್ಲಿಯೂ ಉಳಿಯಲಿಲ್ಲ, ಇನ್ನೊಂದು ಎಕರೆಗೆ ಹೋಯಿತು.

ಮಂಡ್ಯ ನಾಲೆ ಬಯಲು
ಅದರಲ್ಲಿ ತಪ್ಪೇನು? ಅದೇ ನೀರಿಗೆ ಎರಡು ಪಟ್ಟು ಬೆಳೆ ಬಂತು, ರೈತನ ಕೈಗೆ ಕಾಸು ಸೇರಿತು.

ಕೋಲಾರ ಬೋರ್‌ವೆಲ್
ತಪ್ಪೆಂದು ನಾನು ಹೇಳಲಿಲ್ಲ. ಕಡಿಮೆ ನೀರಿನಲ್ಲಿ ಹೆಚ್ಚು ಬೆಳೆ ಎಂಬುದು ಒಂದು ಮಾತು, ನೆಲದಡಿಯ ನೀರು ಉಳಿಯಿತು ಎಂಬುದು ಬೇರೆ ಮಾತು. ಸಹಾಯಧನ ಕೊಡುವವರು ಎರಡನೆಯದನ್ನು ಹೇಳಿ ಮೊದಲನೆಯದನ್ನು ಕೊಡುತ್ತಾರೆ. ಹಾಯಿನೀರಿನಲ್ಲಿ ಇಂಗಿ ಬಾವಿಗೆ ಮರಳುತ್ತಿದ್ದ ಪಾಲು ಕೂಡ ಹನಿಯಲ್ಲಿ ಮರಳುವುದಿಲ್ಲ.

ವಿಜಯಪುರ ಎರೆಹೊಲ
ನಮ್ಮಲ್ಲಿ ಕಾಲುವೆಯೂ ಇಲ್ಲದ, ಬೋರೂ ಬೀಳದ ಹೊಲಗಳಿವೆ. ಮುಂಗಾರಿನಲ್ಲಿ ಹೊಲ ಖಾಲಿ ಇರುವಾಗಲೇ ಸಣ್ಣ ಬದುಗಳ ಚೌಕುಮಡಿ ಮಾಡಿ ಬಿಡುತ್ತೇವೆ, ಬಿದ್ದ ಮಳೆ ಮಡಿಯಲ್ಲೇ ನಿಂತು ಇಂಗುತ್ತದೆ, ಹಿಂಗಾರಿನ ಬಿಳಿಜೋಳ ಆ ತೇವದ ಮೇಲೆ ಬರುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿ ಚೌಕುಮಡಿ ಹೊಲಕ್ಕೂ ಬಯಲು ಹೊಲಕ್ಕೂ ಇರುವ ವ್ಯತ್ಯಾಸವನ್ನು ದಾರಿಹೋಕರೂ ಗುರುತಿಸುತ್ತಾರೆ. ಭತ್ತದವರ ಚರ್ಚೆಯಲ್ಲಿ ಇಷ್ಟು ಸಾಕು.

ಸೋನಾ ಪ್ರೇಮಿ
ಇದೆಲ್ಲಕ್ಕಿಂತ ಮೊದಲು ಕೊಪ್ಪಳ ಜಿಲ್ಲೆಯ ನವಲಿ ಬಳಿ, ಹೆಚ್ಚುವರಿ ನೀರು ಹಿಡಿದಿಡುವ ಸಮತೋಲನ ಜಲಾಶಯ ಕಟ್ಟಬೇಕು. ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಇದ್ದದ್ದು ಹೂಳು ತುಂಬಿ 105.788ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾದಾಗ ಎಷ್ಟು ನೀರು ನದಿಗೆ ಹೋಯಿತೆಂದು ಎಲ್ಲರೂ ನೋಡಿದ್ದೇವೆ. ರೈತನಿಗೆ ಕೊಳವೆ ಹೂಳು ಎಂದು ಹೇಳುವ ಮುನ್ನ ದೊಡ್ಡ ಸೋರಿಕೆ ನಿಲ್ಲಿಸಿ.

ನಿರ್ವಾಹಕರು
ಜಲಾಶಯ ಮತ್ತು ಗೇಟುಗಳ ಬಗ್ಗೆ ಪ್ರತ್ಯೇಕ ಎಳೆ ಇದೆ. ದಯವಿಟ್ಟು ಇಲ್ಲಿ ಹೊಲದೊಳಗಿನ ಪದ್ಧತಿಗಳ ಬಗ್ಗೆ ಮಾತ್ರ ಬರೆಯಿರಿ.

ಎಡದಂಡೆ ಕೊನೆಭಾಗ
ನಿರ್ವಾಹಕರೇ, ಅವರ ಮಾತು ಪೂರ್ತಿ ಹೊರಗಿನದ್ದಲ್ಲ. ಎಲ್ಲರ ಉತ್ತರಗಳನ್ನು ಓದುತ್ತಾ ಹೋದಂತೆ ನನ್ನ ತೊಡಕು ಎಲ್ಲಿದೆಯೆಂದು ಸ್ಪಷ್ಟವಾಯಿತು. ಕಾರಟಗಿಯವರು ಗದ್ದೆಯನ್ನು ಧೈರ್ಯವಾಗಿ ಒಣಗಲು ಬಿಡುತ್ತಾರೆ, ಏಕೆಂದರೆ ಕೊಳವೆಯಲ್ಲಿ ಮಟ್ಟ ಇಳಿದ ದಿನ ತೂಬು ಎತ್ತಿದರೆ ಅವರಿಗೆ ನೀರು ಬರುತ್ತದೆ. ನಮಗೆ ಇವತ್ತು ಬಂದ ನೀರು ಮತ್ತೆ ಯಾವಾಗ ಬರುತ್ತದೆಂದು ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗೂ ಗೊತ್ತಿರುವುದಿಲ್ಲ. ಹೀಗಾಗಿ ಬಂದ ದಿನ ಬದು ಉಕ್ಕುವಷ್ಟು ತುಂಬಿಸಿಕೊಳ್ಳುತ್ತೇವೆ. ಇದು ಅಜ್ಞಾನವಲ್ಲ, ಮುಂದಿನ ಸರದಿ ತಪ್ಪಿದರೆ ಇರಲಿ ಎಂಬ ಭದ್ರತೆ. ಒಮ್ಮೆ ನೀರು ಒಮ್ಮೆ ಒಣಗು ಎಂಬುದನ್ನು ನಮ್ಮ ಭಾಗದಲ್ಲಿ ಕಾಲುವೆಯೇ ಮಾಡಿಸುತ್ತಿದೆ, ಆದರೆ ಒಣಗುವ ದಿನವನ್ನು ನಾವು ಆರಿಸುವಂತಿಲ್ಲ. ಹೂವಾಡುವ ವಾರದಲ್ಲೇ ಬಂದ್ ಆದರೆ ಅರ್ಧ ಜೊಳ್ಳು.

ನೀರಿನ ಕರವೂ ಎಕರೆಗೆ ಇಷ್ಟು, ಬೆಳೆಗೆ ಇಷ್ಟು ಎಂದೇ ಹೊರತು ಅಳತೆಗೆ ಅಲ್ಲ. ಮೇಲ್ಭಾಗದವರು 12 ಲಕ್ಷ ಲೀಟರ್ ಉಳಿಸಿದರೆ ಅವರಿಗೆ ಸಿಗುವುದು ಏನೂ ಇಲ್ಲ.

ಕಾರಟಗಿ ಗದ್ದೆ
ಈ ಮಾತು ಒಪ್ಪತಕ್ಕದ್ದೇ. ನಮಗೆ ಸಿಕ್ಕ ಲಾಭ ಕೀಟನಾಶಕದಲ್ಲಿ ಮತ್ತು ಕೊಯ್ಲಿನ ಹೊತ್ತಿಗೆ ನೆಲ ಗಟ್ಟಿಯಾಗಿದ್ದು ಯಂತ್ರ ಹೂಳದೆ ಓಡಾಡಿದ್ದರಲ್ಲಿ. ನೀರು ಉಳಿಯಿತೆಂದು ಯಾರೂ ನಮ್ಮ ಬೆನ್ನು ತಟ್ಟಲಿಲ್ಲ.

ಸೋನಾ ಪ್ರೇಮಿ
ಈಗ ಬೆನ್ನು ತಟ್ಟುವವರೂ ಬರುತ್ತಿದ್ದಾರೆ. ನೀರು ನಿಂತ ಗದ್ದೆಯಿಂದ ಮೀಥೇನ್ ಏಳುತ್ತದೆ, ಒಣಗಿಸಿದರೆ ಅದು ಕಡಿಮೆಯಾಗುತ್ತದೆ, ಅದಕ್ಕೆ ಕಾರ್ಬನ್ ಕ್ರೆಡಿಟ್ ಹಣ ಕೊಡುತ್ತೇವೆ ಎಂದು ನಮ್ಮೂರಿಗೆ ಒಬ್ಬರು ಬಂದು ಪಹಣಿಯ ಪ್ರತಿ, ಸಹಿ ಎಲ್ಲ ತೆಗೆದುಕೊಂಡು ಹೋದರು. ಮೊಬೈಲಿನಲ್ಲಿ ಕೊಳವೆಯ ಫೋಟೊ ಕಳಿಸಬೇಕಂತೆ. ಹಣ ಇನ್ನೂ ಬಂದಿಲ್ಲ.

ಮಣ್ಣು ಮತ್ತು ಬೇರು
ವಿಜ್ಞಾನ ಸರಿಯಾಗಿದೆ: ಗಾಳಿಯಾಡದ ಕೆಸರಿನಲ್ಲಿ ಮೀಥೇನ್ ಹುಟ್ಟುತ್ತದೆ, ಗಾಳಿಯಾಡಿದರೆ ನಿಲ್ಲುತ್ತದೆ. ಆದರೆ ಕರಾರಿನಲ್ಲಿ ಎಷ್ಟು ವರ್ಷ, ಎಷ್ಟು ಪಾಲು, ಮಧ್ಯೆ ಬಿಟ್ಟರೆ ದಂಡವೇನು ಎಂಬುದನ್ನು ಕನ್ನಡದಲ್ಲಿ ಬರೆಸಿಕೊಳ್ಳದೆ ಸಹಿ ಹಾಕಬಾರದು.

ಕೂರಿಗೆ ಸಿಂಧನೂರು
ಕೊನೆಭಾಗದವರೇ, ಸರದಿಯ ಅನಿಶ್ಚಯಕ್ಕೆ ನಮ್ಮ ಕಡೆಯವರು ಕಂಡುಕೊಂಡದ್ದು ಹೊಲದ ಮೂಲೆಯ ಕೆರೆ. ಅರ್ಧ ಎಕರೆಯಿಂದ ಎಕರೆಯವರೆಗೆ ಅಗೆದು, ಕಾಲುವೆ ಬಂದಾಗ ತುಂಬಿಸಿ, ಹೂವಾಡುವ ಹೊತ್ತಿಗೆ ಕೈಕೊಟ್ಟರೆ ಅದರಿಂದ ಎರಡು ನೀರು ಕೊಡುತ್ತಾರೆ. ಕೊನೆಯ ಎರಡು ನೀರು ಕೈಯಲ್ಲಿದೆ ಎಂಬ ಧೈರ್ಯ ಬಂದರೆ ಗದ್ದೆಯಲ್ಲಿ ಬದು ಉಕ್ಕಿಸುವ ಅಗತ್ಯ ತಾನಾಗಿಯೇ ಹೋಗುತ್ತದೆ. ಎರೆಮಣ್ಣು, ಇಂಗುವುದು ಕಡಿಮೆ, ಹಾಳೆ ಹಾಸುವ ಖರ್ಚಿಲ್ಲ. ಅರ್ಧ ಎಕರೆ ಬೆಳೆ ಹೋಗುತ್ತದೆ, ನಿಜ.

ಲೆಕ್ಕದ ಮೇಷ್ಟ್ರು
ಅರ್ಧ ಎಕರೆಯಲ್ಲಿ ಎರಡೂವರೆ ಮೀಟರ್ ಆಳ ಎಂದರೆ ಸುಮಾರು 50 ಲಕ್ಷ ಲೀಟರ್. ಬದಿಯ ಇಳಿಜಾರು ಮತ್ತು ಆವಿ ಕಳೆದರೆ 30 ಲಕ್ಷವಾದರೂ ಕೈಗೆ ಸಿಗುತ್ತದೆ. ಮೂರೂವರೆ ಎಕರೆಗೆ ಎರಡು ಇಂಚಿನ ಒಂದು ನೀರಿಗೆ ಸುಮಾರು 7.2 ಲಕ್ಷ ಲೀಟರ್ ಬೇಕು. ನಾಲ್ಕು ನೀರು ಸಿಗುತ್ತದೆ. ಆದರೆ ಮೇಲ್ಭಾಗದವರೂ ಹೀಗೆಯೇ ಕೆರೆ ತುಂಬಿಸತೊಡಗಿದರೆ ಕಾಲುವೆಯ ಕೊನೆಗೆ ಬರುವುದು ಇನ್ನೂ ಕಡಿಮೆಯಾದೀತು ಎಂಬುದನ್ನೂ ಹೇಳಬೇಕು.

ನಾಟಿ ಅಕ್ಕ
ಕೆರೆ ಅಗೆದರೆ ಸುತ್ತ ಬೇಲಿ ಹಾಕಿಸಿ. ಮಕ್ಕಳು, ಕುರಿ ಎಲ್ಲ ಓಡಾಡುವ ಜಾಗ.

ಎಡದಂಡೆ ಕೊನೆಭಾಗ
ಮನೆಯಲ್ಲಿ ಮಾತಾಡಿದೆವು. ಈ ಮುಂಗಾರಿಗೆ ಎರಡು ಎಕರೆಗೆ ಆರ್‌ಎನ್‌ಆರ್ 15048 ಅನ್ನು ಕೂರಿಗೆಯಲ್ಲಿ ಬಿತ್ತುವುದು, ಉಳಿದ ಎರಡು ಎಕರೆಗೆ ಎಂದಿನಂತೆ ಬಿಪಿಟಿ ನಾಟಿ ಮಾಡಿ ಕೊಳವೆ ಇಡುವುದು ಎಂದಾಗಿದೆ. ಕೆರೆಯ ಬಗ್ಗೆ ತಮ್ಮ ಇನ್ನೂ ಒಪ್ಪಿಲ್ಲ. ಎರಡು ಎಕರೆಗೆ ಎಷ್ಟು ಕೊಳವೆ ಬೇಕು, ಎಲ್ಲಿ ಇಡಬೇಕು?

ಕಾರಟಗಿ ಗದ್ದೆ
ಒಂದೊಂದು ಮಡಿಗೆ ಒಂದು ಸಾಕು. ತಗ್ಗಿನಲ್ಲಿ ಇಡಬೇಡಿ, ಅಲ್ಲಿ ಸದಾ ನೀರು ತೋರಿಸಿ ಮೋಸ ಮಾಡುತ್ತದೆ; ದಿಬ್ಬದಲ್ಲೂ ಬೇಡ. ಬದುವಿನಿಂದ ಮೂರು ನಾಲ್ಕು ಅಡಿ ಒಳಗೆ, ಕೈಗೆಟುಕುವ ಕಡೆ ಇಟ್ಟು ಪಕ್ಕದಲ್ಲಿ ಬಣ್ಣದ ಬಟ್ಟೆ ಕಟ್ಟಿದ ಕೋಲು ನೆಡಿ. ಬದುವಿನ ಏಡಿ ತೂತುಗಳನ್ನು ವಾರಕ್ಕೊಮ್ಮೆ ತುಳಿದು ಮುಚ್ಚದಿದ್ದರೆ ಕೊಳವೆಯ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಕೂರಿಗೆ ಸಿಂಧನೂರು
ಕೊಯ್ಲಿನ ಯಂತ್ರ ಬರುವ ಹಿಂದಿನ ದಿನ ಕೊಳವೆಗಳನ್ನು ಎಣಿಸಿ ಕಿತ್ತಿಡಿ. ಒಂದು ತುಂಡು ಕಟರ್‌ಗೆ ಸಿಕ್ಕಿಕೊಂಡರೆ ಯಂತ್ರದವರು ಕೇಳುವ ದುಡ್ಡಿನಲ್ಲಿ ಇನ್ನೊಂದು ಎಕರೆಯ ಬಿತ್ತನೆಯೇ ಮುಗಿಯುತ್ತದೆ.